ಸರ್ಫ್ ಇನ್‌ಸ್ಟ್ರಕ್ಟರ್ ಆಗಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಚ್ಚಗಿನ ಕಡಲಿನ ಸರ್ಫ್ ಕ್ಯಾಂಪ್‌ಗೆ ಹೋಗಿ, ತರಬೇತಿ ಪಡೆದು, ಅಲ್ಲೇ ಪಾಠ ಹೇಳುವ ಕೆಲಸಕ್ಕೆ ಸೇರಬೇಕು ಅನ್ನುವವರು ತುಂಬಾ ಜನ. ಅವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕಾಗಿಲ್ಲ, ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಳ್ಳಬಹುದು.

## ಹೊರಡುವ ಮೊದಲು

ಇನ್‌ಸ್ಟ್ರಕ್ಟರ್ ಅಂದ್ರೆ ದಿನವಿಡೀ ಸರ್ಫ್ ಮಾಡ್ಕೊಂಡು ಇರೋದು ತಾನೆ?

ಅಲ್ಲ. ದಿನದ ಬಹುಪಾಲು ಸೊಂಟದುದ್ದ ನೀರಿನಲ್ಲಿ ನಿಂತು ಬೇರೆಯವರ ಬೋರ್ಡ್ ಹಿಡಿದುಕೊಂಡಿರುತ್ತೀರಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ದಡಕ್ಕೆ ಹೋಗಿ ಸಮುದ್ರ ನೋಡಬೇಕು. ಬೋರ್ಡ್‌ಗಳನ್ನು ಹೊರಬೇಕು, ಲೀಶ್‌ಗಳನ್ನು (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಪರೀಕ್ಷಿಸಬೇಕು. ಪಾಠ ಮುಗಿದ ಮೇಲೆ ಎಲ್ಲವನ್ನೂ ಸಿಹಿನೀರಲ್ಲಿ ತೊಳೆದು ನೆರಳಿಗೆ ಸೇರಿಸಬೇಕು. ನಡುವೆ ಯಾರದೋ ಕಾಲಿನ ಗಾಯಕ್ಕೆ ಪಟ್ಟಿ, ಯಾರದೋ ಅಳುವ ಮಗುವಿಗೆ ಸಮಾಧಾನ.

ಇನ್ನೊಂದು ಕಹಿ ಸಂಗತಿ ಇದೆ. ಬಿಸಿಲ ನಾಡಿನ ಕಡಲಲ್ಲಿ ಗಾಳಿ ಶಾಂತವಾಗಿ, ಅಲೆ ನುಣುಪಾಗಿ ಇರುವುದು ಸಾಮಾನ್ಯವಾಗಿ ಬೆಳಗಿನ ಹೊತ್ತು. ಪಾಠಗಳು ನಡೆಯುವುದೂ ಅದೇ ಹೊತ್ತಿಗೆ. ಹಾಗಾಗಿ ಇನ್‌ಸ್ಟ್ರಕ್ಟರ್ ಆದ ಮೇಲೆ ನಿಮ್ಮ ಸ್ವಂತ ಸರ್ಫಿಂಗ್ ಕಡಿಮೆಯಾಗುವ ಸಾಧ್ಯತೆಯೇ ಜಾಸ್ತಿ. ಬೇರೆಯವರು ಮೊದಲ ಸಲ ಎದ್ದು ನಿಂತಾಗ ನಿಮಗೆ ನಿಜವಾಗಿ ಖುಷಿಯಾಗುತ್ತದಾ? ಆಗದಿದ್ದರೆ ಬೇರೆ ಕೆಲಸ ಮಾಡಿಕೊಂಡು ರಜೆಯಲ್ಲಿ ಸರ್ಫ್ ಮಾಡುವುದೇ ಮೇಲು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ.

ದೊಡ್ಡ ಅಲೆ ಏರೋಕೆ ನಂಗೆ ಬರಲ್ಲ. ಎಷ್ಟು ಚೆನ್ನಾಗಿ ಸರ್ಫ್ ಮಾಡಬೇಕು?

ಸ್ಪರ್ಧೆಗೆ ಇಳಿಯುವವರ ಮಟ್ಟ ಬೇಕಿಲ್ಲ. ಯಾರ ಸಹಾಯವೂ ಇಲ್ಲದೆ ಅಲೆಗಳನ್ನು ದಾಟಿ ಒಳಗೆ ಹೋಗಲು ಬರಬೇಕು. ಇನ್ನೂ ಒಡೆಯದ ಅಲೆಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲೆಯ ಮೈಯುದ್ದಕ್ಕೆ ಸಾಗಲು, ಬೇಕೆಂದಾಗ ತಿರುಗಲು ಮತ್ತು ನಿಲ್ಲಿಸಲು ಬರಬೇಕು. ನೀವು ಪಾಠ ಹೇಳುವ ಅಲೆಗಿಂತ ದೊಡ್ಡ ಅಲೆಯಲ್ಲಿಯೂ ಉಸಿರುಗಟ್ಟದೆ ಇರಲು ಆಗಬೇಕು.

ಇದರ ಜೊತೆಗೆ ಹೆಚ್ಚಿನವರು ಯೋಚಿಸದ ಒಂದು ಕೌಶಲ್ಯವಿದೆ. ದೊಡ್ಡ ಫೋಮ್ ಬೋರ್ಡ್ ಮೇಲೆ, ಚಿಕ್ಕ ನೊರೆ ಅಲೆಯಲ್ಲಿ (ಒಡೆದು ನೊರೆಯಾಗಿ ದಡಕ್ಕೆ ಬರುವ ಅಲೆ), ನಿಧಾನವಾಗಿ, ನೋಡುವವರಿಗೆ ಪ್ರತಿ ಹಂತವೂ ಕಾಣುವಂತೆ ಮಾಡಿ ತೋರಿಸುವುದು. ಶಾರ್ಟ್‌ಬೋರ್ಡ್ ಮೇಲೆ ಮಿಂಚುವ ಎಷ್ಟೋ ಜನ ಇಲ್ಲಿ ಎಡವುತ್ತಾರೆ. ಅವರ ಮೈ ಎಲ್ಲವನ್ನೂ ಒಂದೇ ಬಾರಿಗೆ ಮಾಡಿಬಿಡುತ್ತದೆ, ಬಿಡಿಸಿ ತೋರಿಸಲು ಬರುವುದಿಲ್ಲ.

ಈಜು ಬರುತ್ತೆ, ಆದ್ರೆ ಪೂಲ್‌ನಲ್ಲಿ ಮಾತ್ರ. ಸಾಕಾ?

ಸಾಲದು. ಆದರೆ ಶುರು ಮಾಡಲು ಪೂಲ್ ಒಳ್ಳೆಯ ಜಾಗ. ಗುರಿಗೆ ಒಂದು ಅಳತೆ ಬೇಕಾದರೆ ಆಸ್ಟ್ರೇಲಿಯಾದ ಸರ್ಫ್ ಲೈಫ್‌ಸೇವಿಂಗ್‌ನ 'ಬ್ರಾಂಝ್ ಮೆಡಾಲಿಯನ್' ನೋಡಿ, ಅದು ಅಲ್ಲಿನ ಕಡಲ ರಕ್ಷಕರ ಅರ್ಹತೆ. ಅದಕ್ಕೆ 400 ಮೀಟರ್ ಈಜನ್ನು 9 ನಿಮಿಷದೊಳಗೆ ಮುಗಿಸಬೇಕು. ಅದಲ್ಲದೆ ದಡದಲ್ಲಿ 200 ಮೀಟರ್ ಓಟ, ಸಮುದ್ರದಲ್ಲಿ 200 ಮೀಟರ್ ಈಜು, ಮತ್ತೆ ದಡದಲ್ಲಿ 200 ಮೀಟರ್ ಓಟ, ಎಲ್ಲ ಸೇರಿ 8 ನಿಮಿಷದೊಳಗೆ. ಬ್ರಿಟನ್‌ನ ಬೀಚ್ ಲೈಫ್‌ಗಾರ್ಡ್ ಪರೀಕ್ಷೆಯಲ್ಲಿ ಅದೇ 400 ಮೀಟರ್‌ಗೆ ಏಳೂವರೆ ನಿಮಿಷ. ನೀವು ಸೇರುವ ಕೋರ್ಸ್‌ನ ಅಳತೆ ಬೇರೆ ಇರಬಹುದು, ಮೊದಲೇ ಕೇಳಿಕೊಳ್ಳಿ.

ಪೂಲ್‌ನಲ್ಲಿ ಇನ್ನೂ ಒಂದನ್ನು ಅಭ್ಯಾಸ ಮಾಡಿ: ತಲೆ ಎತ್ತಿಕೊಂಡು ಈಜುವುದು. ನೀರಿನಲ್ಲಿ ಯಾರನ್ನಾದರೂ ಹಿಡಿಯಲು ಹೋಗುವಾಗ ಅವರ ಮೇಲಿನ ಕಣ್ಣು ತಪ್ಪಬಾರದು. ಕುತ್ತಿಗೆ, ಭುಜ ಎರಡೂ ನೋಯುತ್ತವೆ. ಹೊರಡುವ ಎರಡು ತಿಂಗಳ ಮೊದಲೇ ಶುರು ಮಾಡಿದರೆ ಅಷ್ಟು ಕಷ್ಟವಾಗದು. ಸಮುದ್ರದ ಅಭ್ಯಾಸಕ್ಕೆ ಒಬ್ಬರೇ ಇಳಿಯಬೇಡಿ.

ನಂಗೆ 38. ತಡ ಆಯ್ತಾ?

ಇಲ್ಲ. ಕೋರ್ಸ್‌ಗಳಿಗೆ ಕನಿಷ್ಠ ವಯಸ್ಸು ಇರುತ್ತದೆ, ಗರಿಷ್ಠ ವಯಸ್ಸಿನ ತಕರಾರು ಸಾಮಾನ್ಯವಾಗಿ ಇರುವುದಿಲ್ಲ. ಭುಜ ಮತ್ತು ಕೆಳಬೆನ್ನನ್ನು ಗಟ್ಟಿ ಮಾಡಿಕೊಳ್ಳಿ. ಕ್ಯಾಂಪ್‌ಗೆ ಬರುವವರಲ್ಲಿ ನಿಮ್ಮ ವಯಸ್ಸಿನವರೇ ಎಷ್ಟೋ ಜನ ಇರುತ್ತಾರೆ. ಇಪ್ಪತ್ತರ ಹುಡುಗರಿಗಿಂತ ನಿಮ್ಮ ಮಾತಿನ ಮೇಲೆ ಅವರಿಗೆ ನಂಬಿಕೆ ಬೇಗ ಬರುತ್ತದೆ.

ಕನ್ನಡಕ ಹಾಕ್ತೀನಿ. ನೀರಲ್ಲಿ ಏನ್ ಮಾಡೋದು?

ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ದೂರದಲ್ಲಿರುವ ತಲೆ ನಿಮ್ಮ ಗುಂಪಿನದಾ, ಕೈ ಎತ್ತಿದ್ದು ಖುಷಿಗಾ ಸಹಾಯಕ್ಕಾ ಅನ್ನುವುದು ಕಾಣಲೇಬೇಕು. ಕೆಲವರು ದಿನ ಬಳಸಿ ಎಸೆಯುವ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಇಳಿಯುತ್ತಾರೆ. ಆದರೆ ಲೆನ್ಸ್ ಮತ್ತು ನೀರು ಸೇರಿದರೆ ಕಣ್ಣಿನ ಸೋಂಕಿನ ಅಪಾಯ ಹೆಚ್ಚುತ್ತದೆ. ಕೆಲವು ಸೋಂಕುಗಳು ದೃಷ್ಟಿಯನ್ನೇ ಕೆಡಿಸಬಲ್ಲವು. ಪಟ್ಟಿ ಇರುವ, ಪವರ್ ಹಾಕಿಸಿದ ಸರ್ಫ್ ಗಾಗಲ್ಸ್ ಇನ್ನೊಂದು ದಾರಿ. ಕಣ್ಣಿನ ಡಾಕ್ಟರ ಹತ್ತಿರ ಕೆಲಸ ಏನೆಂದು ಬಿಡಿಸಿ ಹೇಳಿ, ಅವರು ಹೇಳಿದಂತೆ ಮಾಡಿ.

## ತರಬೇತಿ, ಸರ್ಟಿಫಿಕೇಟ್, ವೀಸಾ

ಐಎಸ್‌ಎ ಲೆವೆಲ್ 1 ಅಂತ ಎಲ್ರೂ ಹೇಳ್ತಾರೆ. ಏನದು?

ಐಎಸ್‌ಎ ಅಂದರೆ ಇಂಟರ್‌ನ್ಯಾಷನಲ್ ಸರ್ಫಿಂಗ್ ಅಸೋಸಿಯೇಶನ್. 1964ರಲ್ಲಿ ಶುರುವಾದ ಸಂಸ್ಥೆ. ಒಲಿಂಪಿಕ್ ಸಮಿತಿ ಸರ್ಫಿಂಗ್‌ನ ಜಾಗತಿಕ ಸಂಸ್ಥೆ ಎಂದು ಒಪ್ಪಿಕೊಂಡಿರುವುದು ಇದನ್ನೇ. ಇದರ ಲೆವೆಲ್ 1 ಸರ್ಟಿಫಿಕೇಟ್ ಹೊಸಬರಿಗೆ ಪಾಠ ಹೇಳುವವರಿಗಾಗಿ ಇದೆ. ಹೆಚ್ಚಿನ ದೇಶಗಳ ಕ್ಯಾಂಪ್‌ಗಳಿಗೆ ಇದು ಗೊತ್ತಿರುವ ಕಾಗದ.

ಇದರಲ್ಲಿ ಮೂರು ಭಾಗ ಇದೆ ಅಂದುಕೊಳ್ಳಿ. ಒಂದು ಕೋರ್ಸ್: ಪಾಠದ ಕ್ರಮ, ಸುರಕ್ಷತೆ, ಸಮುದ್ರದ ತಿಳಿವಳಿಕೆ. ಎರಡನೆಯದು ನೀರಿನಲ್ಲಿ ರಕ್ಷಣೆ ಮತ್ತು ಪ್ರಥಮ ಚಿಕಿತ್ಸೆಯ ಅರ್ಹತೆ. ಮೂರನೆಯದು ಅನುಭವಿಗಳ ಕಣ್ಣಳತೆಯಲ್ಲಿ 20 ಗಂಟೆ ಪಾಠ ಹೇಳಿದ ದಾಖಲೆ. ಕೋರ್ಸ್ ಮುಗಿಸಿ ಫೋಟೊ ಹಾಕಿಕೊಂಡವರಲ್ಲಿ ಕೆಲವರು ಈ 20 ಗಂಟೆ ಮುಗಿಸುವುದೇ ಇಲ್ಲ. ಅದು ಮುಗಿಯದೆ ಸರ್ಟಿಫಿಕೇಟ್ ಪೂರ್ತಿ ಆಗುವುದಿಲ್ಲ. ರಕ್ಷಣೆ, ಪ್ರಥಮ ಚಿಕಿತ್ಸೆಯ ಅರ್ಹತೆಗಳಿಗೆ ಅವಧಿ ಇರುತ್ತದೆ, ಆಗಾಗ ನವೀಕರಿಸಬೇಕು.

ಕೆಲವು ದೇಶಗಳಿಗೆ ಅವರದೇ ಸರ್ಟಿಫಿಕೇಟ್ ಇದೆ. ಕೆಲವು ಬೀಚ್‌ಗಳಲ್ಲಿ ಪಾಠ ಹೇಳಲು ಸ್ಥಳೀಯ ಪರವಾನಗಿಯೂ ಬೇಕು. ಕಾಗದ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲಿ ಬೇಕಾದರೂ ಬೋರ್ಡ್ ಇಳಿಸಬಹುದು ಅಂತಲ್ಲ.

ಕ್ಯಾಂಪ್‌ನ ಟ್ರೈನಿಂಗ್ ಪ್ಯಾಕೇಜ್ ತಗೊಳ್ಲಾ, ನೇರ ಕೋರ್ಸ್ ಮಾಡ್ಲಾ?

ಈಗಾಗಲೇ ಒಡೆಯದ ಅಲೆಯಲ್ಲಿ ಆರಾಮಾಗಿ ಸರ್ಫ್ ಮಾಡುತ್ತೀರಿ ಅಂದರೆ ನೇರ ಕೋರ್ಸ್ ಮಾಡಿ. ಪ್ಯಾಕೇಜ್‌ಗೆ ಸುಮ್ನೆ ದುಡ್ಡು ಸುರಿಯುವುದು ಬೇಡ. ನೀರಿನ ಅನುಭವ ಕಡಿಮೆ ಇದ್ದವರಿಗೆ ಕೆಲವು ವಾರ ಅಥವಾ ತಿಂಗಳ ಪ್ಯಾಕೇಜ್ ಉಪಯೋಗಕ್ಕೆ ಬರುತ್ತದೆ. ದಿನಾ ಅಲೆ, ದಿನಾ ತಿದ್ದುವವರು, ಪಾಠಗಳನ್ನು ಹತ್ತಿರದಿಂದ ನೋಡುವ ಅವಕಾಶ ಎಲ್ಲ ಒಂದೇ ಕಡೆ ಸಿಗುತ್ತವೆ.

ದುಡ್ಡು ಕಟ್ಟುವ ಮೊದಲು ಬರಹದಲ್ಲಿ ಕೇಳಿ. ಸರ್ಟಿಫಿಕೇಟ್ ಕೊಡುವುದು ಯಾರು, ಕ್ಯಾಂಪೇ ಅಚ್ಚು ಹಾಕಿಸಿ ಕೊಡುವುದಾ ಅಥವಾ ಹೊರಗಿನ ಮಾನ್ಯ ಸಂಸ್ಥೆಯಾ? ನಿಜವಾದ ಕಲಿಯುವವರ ಜೊತೆ ಎಷ್ಟು ಗಂಟೆ ಸಿಗುತ್ತದೆ? ರಕ್ಷಣೆಯ ತರಬೇತಿ ಒಳಗೇ ಇದೆಯಾ, ಬೇರೆ ಮಾಡಿಕೊಳ್ಳಬೇಕಾ? ಅಲೆ ಇಲ್ಲದ ವಾರ ಬಂದರೆ ಏನು ಮಾಡಿಸುತ್ತಾರೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ಕ್ಯಾಂಪ್‌ನ ಗುಣ ಗೊತ್ತಾಗಿಬಿಡುತ್ತದೆ. ಒಳ್ಳೆಯ ಕಡೆ ರಕ್ಷಣೆಯ ಅಭ್ಯಾಸ, ವೀಡಿಯೊ ನೋಡಿ ತಪ್ಪು ಹುಡುಕುವುದು, ಬೋರ್ಡ್ ರಿಪೇರಿ, ಹವಾಮಾನ ನಕ್ಷೆ ಓದುವುದು ಎಂದು ಪಟ್ಟಿಯೇ ಕೊಡುತ್ತಾರೆ.

'ಬೋರ್ಡನ್ನೇ ಮುಟ್ಟದವರನ್ನು ಒಂದೇ ತಿಂಗಳಲ್ಲಿ ಇನ್‌ಸ್ಟ್ರಕ್ಟರ್ ಮಾಡುತ್ತೇವೆ' ಅನ್ನುವ ಮಾತು ಕಂಡರೆ ಅಲ್ಲಿಗೆ ಹೋಗಬೇಡಿ.

ಊಟ, ವಸತಿ ಕೊಟ್ಟು ಬಿಟ್ಟಿ ಕೆಲಸ ಮಾಡಿಸ್ಕೊಳ್ತಾರಂತೆ, ನಿಜಾನಾ?

ಕೆಲವು ಕಡೆ ನಿಜ. ಈ ಏರ್ಪಾಡೇ ತಪ್ಪು ಅಂತ ನಾನು ಹೇಳುವುದಿಲ್ಲ. ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಜೆ, ನಿಮಗೆ ಪಾಠ ಯಾವಾಗ ಎಂದು ಬರೆದು ಕೊಟ್ಟರೆ ಎರಡೂ ಕಡೆಗೆ ಅನುಕೂಲ. ಆದರೆ ಒಂದು ಗೆರೆ ದಾಟಬಾರದು. ಅರ್ಹತೆ ಸಿಗುವ ಮೊದಲು ನಿಮ್ಮೊಬ್ಬರ ಕೈಗೆ ಒಂದು ಗುಂಪನ್ನು ಒಪ್ಪಿಸಿ ನೀರಿಗೆ ಕಳಿಸಿದರೆ ಅದು ತರಬೇತಿ ಅಲ್ಲ. ಏನಾದರೂ ಆದರೆ ಪ್ರಶ್ನೆ ಬರುವುದು ನಿಮ್ಮ ಮೇಲೆ.

ಟೂರಿಸ್ಟ್ ವೀಸಾದಲ್ಲಿ ಪಾಠ ಹೇಳಬಹುದಾ?

ಸಾಮಾನ್ಯವಾಗಿ ಇಲ್ಲ. ಸಂಬಳ ತೆಗೆದುಕೊಳ್ಳದಿದ್ದರೂ ಅದನ್ನು ಕೆಲಸ ಎಂದೇ ಲೆಕ್ಕ ಹಾಕುವ ದೇಶಗಳಿವೆ. ಇಂಡೋನೇಷ್ಯಾ ಇದರಲ್ಲಿ ಬಿಗಿ, ಸಿಕ್ಕಿಬಿದ್ದರೆ ಗಡೀಪಾರು ಮಾಡಬಹುದು. 'ಎಲ್ಲರೂ ಮಾಡ್ತಾರೆ' ಅನ್ನುವ ಕ್ಯಾಂಪ್‌ನವರ ಮಾತನ್ನು ನಂಬಬೇಡಿ, ಆ ದೇಶದ ರಾಯಭಾರ ಕಚೇರಿಯನ್ನೇ ಕೇಳಿ. ಕೆಲಸದ ಅನುಮತಿ ಇಲ್ಲದೆ ಪಾಠ ಹೇಳುವಾಗ ಅಪಘಾತವಾದರೆ ವಿಮೆ ಕಂಪನಿ ಕೈ ಚೆಲ್ಲಬಹುದು. ಜೊತೆಗೆ ಇದು ಅಲ್ಲಿನ ಹುಡುಗರ ಹೊಟ್ಟೆಪಾಡಿನ ಕೆಲಸವೂ ಹೌದು.

ಯಾವ ತಿಂಗಳಲ್ಲಿ ಹೋದ್ರೆ ಒಳ್ಳೇದು?

ಜಾಗದ ಮೇಲೆ ಹೋಗುತ್ತದೆ. ಶ್ರೀಲಂಕಾದ ದಕ್ಷಿಣ ದಂಡೆಯಲ್ಲಿ, ಅಂದರೆ ವೆಲಿಗಾಮ ಕಡೆ, ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಅದೇ ದೇಶದ ಪೂರ್ವಕ್ಕಿರುವ ಅರುಗಮ್ ಬೇಯಲ್ಲಿ ಇದಕ್ಕೆ ತಿರುವುಮುರುವು, ಸುಮಾರು ಮೇಯಿಂದ ಸೆಪ್ಟೆಂಬರ್. ಬಾಲಿಯ ಪಶ್ಚಿಮ ದಂಡೆಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಒಣ ಕಾಲದಲ್ಲಿ ಗಾಳಿ ನೆಲದ ಕಡೆಯಿಂದ ಬೀಸಿ ಅಲೆಯನ್ನು ಚೊಕ್ಕ ಮಾಡುತ್ತದೆ. ಕೋಸ್ಟರಿಕಾದ ಪೆಸಿಫಿಕ್ ದಂಡೆಯಲ್ಲಿ ಮಳೆಗಾಲದಲ್ಲಿ ದಕ್ಷಿಣದಿಂದ ದೊಡ್ಡ ಅಲೆಗಳು ಬರುತ್ತವೆ, ಒಣ ಕಾಲದಲ್ಲಿ ಅಲೆ ಚಿಕ್ಕದು. ಹವಾಯಿಯಲ್ಲಿ ಚಳಿಗಾಲದ ದೈತ್ಯ ಅಲೆ ಬರುವುದು ಉತ್ತರ ದಂಡೆಗೆ. ಹೊಸಬರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕಲಿಯುತ್ತಿರುವ ವೈಕೀಕಿ ದಕ್ಷಿಣಕ್ಕಿದೆ.

ತರಬೇತಿಗೆ ನಾನು ಹೇಳುವುದು ಸೀಸನ್‌ನ ಶುರು ಅಥವಾ ಕೊನೆ. ಚಿಕ್ಕ ಅಲೆಯ ದಿನಗಳಲ್ಲಿ ಪಾಠದ ಅಭ್ಯಾಸ, ನಡುವೆ ದೊಡ್ಡದು ಬಂದಾಗ ನಿಮ್ಮ ಸ್ವಂತ ಸರ್ಫಿಂಗ್. ಸೀಸನ್ ನಡುವೆ ಹೋದರೆ ಹಿರಿಯ ಇನ್‌ಸ್ಟ್ರಕ್ಟರ್‌ಗಳಿಗೆ ನಿಮ್ಮ ಜೊತೆ ಮಾತಾಡಲೂ ಪುರುಸೊತ್ತು ಇರುವುದಿಲ್ಲ.

## ನೀರಿಗಿಳಿದ ಮೇಲೆ

ಸಮುದ್ರ ಓದೋದು ಅಂತಾರೆ. ಏನನ್ನ ಓದೋದು?

ಅಲೆಯ ಎತ್ತರವೊಂದನ್ನೇ ನೋಡಿ 'ಇವತ್ತು ಚಿಕ್ಕದು, ಪರವಾಗಿಲ್ಲ' ಅನ್ನುವವರು ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಾರೆ. ಎತ್ತರದ ಜೊತೆ ಎರಡು ಅಲೆಗಳ ನಡುವಿನ ಅಂತರವನ್ನೂ ನೋಡಬೇಕು. ಮುನ್ಸೂಚನೆಯಲ್ಲಿ ಅದನ್ನು ಸೆಕೆಂಡುಗಳಲ್ಲಿ ಕೊಟ್ಟಿರುತ್ತಾರೆ. ಹತ್ತಿರದ ಗಾಳಿ ಎಬ್ಬಿಸಿದ ಅಲೆಗೆ 6–8 ಸೆಕೆಂಡು ಅಂತರ ಇರಬಹುದು. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಿಂದ ಬಂದದ್ದಕ್ಕೆ 14 ಅಥವಾ ಹೆಚ್ಚು. ಎರಡರ ಎತ್ತರ ಒಂದೇ ಇದ್ದರೂ ಎರಡನೆಯದರಲ್ಲಿ ಶಕ್ತಿ ಜಾಸ್ತಿ, ದಡಕ್ಕೆ ಬಂದಾಗ ಅದು ಇನ್ನಷ್ಟು ಎದ್ದು ನಿಲ್ಲುತ್ತದೆ.

ಆಮೇಲೆ ಸಮುದ್ರದ ತಳ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಅಂದರೆ ಒಂದು ಮೀಟರ್ ಅಲೆ ಒಡೆಯುತ್ತಿರುವ ಕಡೆ ನೀರು ಒಂದೂಕಾಲು ಮೀಟರ್ ಆಸುಪಾಸು. ಇಷ್ಟು ಗೊತ್ತಿದ್ದರೆ ದಡದಲ್ಲಿ ನಿಂತೇ ಮರಳಿನ ದಿಬ್ಬ ಎಲ್ಲಿದೆ, ಗುಂಡಿ ಎಲ್ಲಿದೆ ಎಂದು ಊಹಿಸಬಹುದು. ತಳದಲ್ಲಿ ಮರಳಿದ್ದರೆ ದಿಬ್ಬ ದಿನದಿಂದ ದಿನಕ್ಕೆ ಸರಿಯುತ್ತದೆ, ನಿನ್ನೆಯ ನಕ್ಷೆ ಇವತ್ತಿಗೆ ನಡೆಯದು. ಹವಳದ ಬಂಡೆಯಾದರೆ ಸರಿಯುವುದಿಲ್ಲ. ಆದರೆ ಇಳಿತದಲ್ಲಿ ನೀರು ಮೊಣಕಾಲಿಗೆ ಇಳಿದುಬಿಟ್ಟರೆ ಅಲ್ಲಿ ಪಾಠ ನಡೆಸುವ ಮಾತೇ ಇಲ್ಲ.

ಉಬ್ಬರ ಇಳಿತದ ಲೆಕ್ಕ ಬಾಯಲ್ಲೇ ಇರಬೇಕು. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜಾಸ್ತಿ. ಗಾಳಿಯ ಲೆಕ್ಕ ಇನ್ನೂ ಸುಲಭ. ಬೆಳಿಗ್ಗೆ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ನೆಲಕ್ಕೆ ಬೀಸಿ ಅಲೆಯನ್ನು ಕದಡುತ್ತದೆ.

ಇಳಿಯುವ ಮೊದಲು ಕಾಲು ಗಂಟೆ, ಇಪ್ಪತ್ತು ನಿಮಿಷ ಸುಮ್ಮನೆ ನಿಂತು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಹಳ ಹೊತ್ತು ಶಾಂತವಾಗಿರಬಹುದು. ಎರಡು ನಿಮಿಷ ನೋಡಿ ಇಳಿದವರಿಗೆ ಆ ಗುಂಪು ಕಂಡಿರುವುದೇ ಇಲ್ಲ.

ಸೆಳೆತ ಗುರುತಿಸೋಕೆ ಆಗ್ತಾನೇ ಇಲ್ಲ. ಏನಾದ್ರೂ ಉಪಾಯ?

ಬೀಚ್‌ನಲ್ಲಿ 'ಇಲ್ಲಿ ಅಲೆಯೇ ಇಲ್ಲ, ಇಲ್ಲೇ ಇಳಿಯೋಣ' ಅನ್ನಿಸುವ ಜಾಗವನ್ನು ಮೊದಲು ಹುಡುಕಿ. ಬಹಳ ಸಲ ಸೆಳೆತ ಇರುವುದು ಅಲ್ಲೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲು ಆಳವಾದ ಓಣಿ ಹಿಡಿಯುತ್ತದೆ. ಆಳ ಇರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ನೀರಿನ ಬಣ್ಣ ಸ್ವಲ್ಪ ಗಾಢವಾಗಿರುತ್ತದೆ, ಅಥವಾ ಮರಳು ಕದಡಿ ಕೆಂಪಾಗಿರುತ್ತದೆ. ನೊರೆ, ಕಸ ಕಡಲಿನ ಕಡೆಗೆ ಸಾಗುತ್ತಿರುತ್ತವೆ. ಎತ್ತರದ ಜಾಗದಿಂದ, ಪೋಲರಾಯ್ಡ್ ಕನ್ನಡಕ ಹಾಕಿ ನೋಡಿದರೆ ಬೇಗ ತಿಳಿಯುತ್ತದೆ.

ಸಾಮಾನ್ಯವಾಗಿ ಸೆಳೆತದ ವೇಗ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು. ಕೆಲವೊಮ್ಮೆ ಎರಡೂವರೆ ಮೀಟರ್‌ವರೆಗೂ ಏರುತ್ತದೆ. ಒಲಿಂಪಿಕ್ ಈಜುಗಾರರೂ ಅದಕ್ಕೆ ಎದುರಾಗಿ ಈಜಿ ಗೆಲ್ಲಲಾರರು. ನಿಮ್ಮ ಬಳಿ ಕಲಿಯುವವರಿಗೆ ಹೇಳಬೇಕಾದ್ದು ಇಷ್ಟೇ: ಬೋರ್ಡ್ ಬಿಡಬೇಡಿ, ಅದರ ಮೇಲೆ ಮಲಗಿ, ಕೈ ಎತ್ತಿ, ದಡದ ಕಡೆಗೆ ನೇರವಾಗಿ ಗುದ್ದಾಡಬೇಡಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುತ್ತಿರುವ ಕಡೆಗೆ ಪ್ಯಾಡಲ್ ಮಾಡಿ, ಅಂದರೆ ಕೈಯಿಂದ ನೀರು ತಳ್ಳುತ್ತಾ ಸಾಗಿ. ಅಲ್ಲಿನ ನೊರೆಯೇ ದಡಕ್ಕೆ ತರುತ್ತದೆ.

ಅನುಭವಿ ಸರ್ಫರ್‌ಗಳು ಇದೇ ಸೆಳೆತವನ್ನು ಹಿಡಿದು ಆಯಾಸವಿಲ್ಲದೆ ಒಳಗೆ ಹೋಗುತ್ತಾರೆ. ನೀವೂ ಹೋಗಿ. ಆದರೆ ಹೊಸಬರು ನೋಡುತ್ತಿರುವಾಗ ಬೇಡ.

ಮೊದಲ ಪಾಠದಲ್ಲಿ ಏನೇನು ಹೇಳ್ಕೊಡಬೇಕು? ನಂಗೆ ಹೇಳೋಕೆ ತುಂಬಾ ಇದೆ.

ಅದೇ ತೊಂದರೆ. ಕಲಿಯುವವರ ಕಣ್ಣು ಸಮುದ್ರದ ಮೇಲಿರುತ್ತದೆ, ನಿಮ್ಮ ಮಾತಿನ ಮೇಲಲ್ಲ. ಮರಳಿನ ಮೇಲಿನ ಪಾಠ ಇಪ್ಪತ್ತು ನಿಮಿಷ ದಾಟದಿರಲಿ.

ಮೊದಲು ಸುರಕ್ಷತೆ. ಬೋರ್ಡನ್ನು ನಿಮಗೂ ಅಲೆಗೂ ನಡುವೆ ಇಟ್ಟುಕೊಳ್ಳಬಾರದು, ಪಕ್ಕದಲ್ಲಿ ಹಿಡಿಯಬೇಕು. ಬೀಳುವಾಗ ಹಿಂದಕ್ಕೋ ಪಕ್ಕಕ್ಕೋ ಚಪ್ಪಟೆಯಾಗಿ ಬೀಳಬೇಕು, ತಲೆ ಕೆಳಗಾಗಿ ಧುಮುಕಬಾರದು. ಮೇಲೆ ಬರುವಾಗ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡೇ ಬರಬೇಕು. ಸರ್ಫಿಂಗ್‌ನ ಗಾಯಗಳಲ್ಲಿ ದೊಡ್ಡ ಪಾಲು ಸ್ವಂತ ಬೋರ್ಡ್ ತಗುಲಿಯೇ ಆಗುವುದು. ಲೀಶ್ ಅನ್ನು ಕೈಗೆ ಸುತ್ತಿಕೊಳ್ಳಬಾರದು. ಕೈ ಸನ್ನೆ ಮೂರೇ ಸಾಕು: ಹೊರಗೆ ಬನ್ನಿ, ಆ ಕಡೆ ಸರಿಯಿರಿ, ಸಹಾಯ ಬೇಕು.

ಆಮೇಲೆ ಮಲಗುವ ಜಾಗ. ಬೋರ್ಡ್‌ನ ಮೂಗು ನೀರಿನಿಂದ ಸ್ವಲ್ಪವೇ ಮೇಲಿರಬೇಕು. ತೀರಾ ಮುಂದೆ ಮಲಗಿದರೆ ಮೂಗು ಮುಳುಗುತ್ತದೆ, ತೀರಾ ಹಿಂದೆ ಮಲಗಿದರೆ ಅಲೆ ಸಿಗುವುದಿಲ್ಲ. ನಂತರ ನೀರಿಗಿಳಿದು, ಎದ್ದು ನಿಲ್ಲುವ ಆಸೆ ಬಿಟ್ಟು, ಮಲಗಿಕೊಂಡೇ ನಾಲ್ಕೈದು ಅಲೆ ದಡದವರೆಗೆ ಬರಲಿ. ಮೈ ಒರಗಿಸಿ ಎಡ ಬಲ ತಿರುಗಿಸಲಿ. ಅಲೆಯ ವೇಗ ಮೈಗೆ ಒಗ್ಗಿದ ಮೇಲೆ ಎದ್ದು ನಿಲ್ಲುವುದು ಅರ್ಧ ಸುಲಭ.

ಪಾಪ್-ಅಪ್‌ಗೆ (ಮಲಗಿದಲ್ಲಿಂದ ಎದ್ದು ನಿಲ್ಲುವುದಕ್ಕೆ) ಒಂದೇ ದಾರಿ ಎಂದು ಹಟ ಹಿಡಿಯಬೇಡಿ. ಎದೆಯ ಪಕ್ಕ ಅಂಗೈ ಊರಿ ಒಂದೇ ನೆಗೆತಕ್ಕೆ ಏಳುವವರು ಏಳಲಿ. ಮೊಣಕಾಲು, ಸೊಂಟ ಬಿಗಿ ಇರುವವರಿಗೆ ಹಿಂಗಾಲು ಮೊದಲು, ಮುಂಗಾಲು ಆಮೇಲೆ ಎಂದು ಹಂತ ಹಂತವಾಗಿ ಹೇಳಿಕೊಡಿ. ಯಾವ ಕಾಲು ಮುಂದೆ ಬರಬೇಕು ಅನ್ನುವುದಕ್ಕೂ ದೊಡ್ಡ ಪರೀಕ್ಷೆ ಬೇಡ. ಯಾವುದು ಹಿತವೋ ಅದು. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ ಅನ್ನುತ್ತಾರೆ.

ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ?

ಹಲವು ಕಡೆ ಗರಿಷ್ಠ ಮಿತಿ 8. ಅದನ್ನು ತುಂಬಿಸಲೇಬೇಕಾದ ಲೆಕ್ಕ ಅಂದುಕೊಳ್ಳಬೇಡಿ. ಮಕ್ಕಳಿದ್ದರೆ, ಈಜು ಬಾರದವರಿದ್ದರೆ, ಅಲೆ ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ. ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹಾಕಿಸಿ. ಪ್ರತಿ ದೊಡ್ಡ ಅಲೆ ಹೋದ ಮೇಲೂ ತಲೆ ಎಣಿಸಿ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ, ಗುಂಪಿಗೂ ಬೆನ್ನು ಹಾಕಬೇಡಿ. ಪಕ್ಕಕ್ಕೆ ತಿರುಗಿ ನಿಂತರೆ ಎರಡೂ ಕಾಣುತ್ತವೆ.

ಒಬ್ರು ಎಷ್ಟು ಹೇಳಿದ್ರೂ ಎದ್ದು ನಿಲ್ತಾನೇ ಇಲ್ಲ. ಏನ್ ಮಾಡ್ಲಿ?

ಮೊದಲು ಬೋರ್ಡ್ ಬದಲಿಸಿ. ಇನ್ನೂ ದೊಡ್ಡದು ಕೊಡಿ. ಅರ್ಧದಷ್ಟು ಕೇಸು ಇಲ್ಲಿಗೇ ಮುಗಿಯುತ್ತವೆ.

ಆಗಲಿಲ್ಲವಾ? ಎರಡು ಮೂರು ಅಲೆ ಏನೂ ಹೇಳದೆ ನೋಡಿ. ಕಣ್ಣು ಕಾಲಿನ ಕಡೆಗಿದ್ದರೆ ಮೈಯೂ ಅಲ್ಲಿಗೇ ಬೀಳುತ್ತದೆ, ದಡದಲ್ಲಿರುವ ಒಂದು ಮರ ತೋರಿಸಿ ಅದನ್ನೇ ನೋಡಲು ಹೇಳಿ. ಬೋರ್ಡ್‌ನ ಅಂಚು ಹಿಡಿದು ಏಳುತ್ತಿದ್ದರೆ ಬೋರ್ಡ್ ವಾಲುತ್ತದೆ, ಅಂಗೈ ಮೇಲ್ಮೈಯಲ್ಲಿರಲಿ. ಅಲೆ ಹಿಡಿಯುವ ಮೊದಲೇ ಏಳುವ ಆತುರವಾದರೆ 'ಒಂದು, ಎರಡು' ಎಣಿಸಿ ಆಮೇಲೆ ಏಳಲು ಹೇಳಿ. ಒಂದು ಅಲೆಗೆ ಒಂದೇ ತಿದ್ದುಪಡಿ. ಮೂರು ಒಟ್ಟಿಗೆ ಹೇಳಿದರೆ ಒಂದೂ ಆಗುವುದಿಲ್ಲ.

ಕೆಲವರಿಗೆ ನಿಜವಾದ ಅಡ್ಡಿ ಹೆದರಿಕೆ. ಅವರನ್ನು 'ಏನೂ ಆಗಲ್ಲ ಬನ್ನಿ' ಎಂದು ಎಳೆಯಬೇಡಿ. ಸೊಂಟದುದ್ದ ನೀರಲ್ಲಿ ಬೇಕೆಂದೇ ನಾಲ್ಕು ಸಲ ಬೀಳಿಸಿ ಏಳಿಸಿ. ಬಿದ್ದರೆ ಏನಾಗುತ್ತದೆ ಎಂದು ಗೊತ್ತಾದ ಮೇಲೆ ಹೆದರಿಕೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಮಲಗಿಕೊಂಡೇ ಅಲೆ ಹಿಡಿದು ನಗುತ್ತಾ ಹೋಗಲಿ. ಎಲ್ಲರೂ ಮೊದಲ ದಿನವೇ ಎದ್ದು ನಿಲ್ಲಬೇಕು ಅಂತ ಕಾನೂನಿಲ್ಲ.

ಪಾಠಕ್ಕೆ ಯಾವ ಬೋರ್ಡ್ ಇಟ್ಕೋಬೇಕು?

ದೊಡ್ಡವರಿಗೆ 8–9 ಅಡಿಯ ಮೆತ್ತನೆ ಫೋಮ್ ಬೋರ್ಡ್, ಅದರ ಅಡಿಗೆ ರಬ್ಬರಿನಂಥ ಮೆತ್ತನೆ ಫಿನ್ (ಮೀನಿನ ಈಜುರೆಕ್ಕೆಯಂಥದು). ಲೀಶ್ ಬೋರ್ಡ್‌ನಷ್ಟೇ ಉದ್ದ. ಕಾಲು ಜಾರದಿರಲು ವ್ಯಾಕ್ಸ್ ಹಚ್ಚುವುದಾದರೆ ಬೆಚ್ಚಗಿನ ನೀರಿನ 'ಟ್ರಾಪಿಕಲ್' ಬಗೆಯದೇ ಬೇಕು, ತಣ್ಣೀರಿನದು ಇಲ್ಲಿ ಕರಗಿ ಜಾರುತ್ತದೆ. ಬಿಸಿಲಲ್ಲಿ ಬಿಟ್ಟ ಬೋರ್ಡ್‌ನ ಪದರ ಉಬ್ಬಿ ಬಿಟ್ಟುಕೊಳ್ಳುತ್ತದೆ, ನೆರಳಲ್ಲಿಡಿ.

ನೀರು ಬೆಚ್ಚಗಿರುತ್ತಲ್ಲ, ಮತ್ತೆ ಅಪಾಯ ಏನಿದೆ?

ಮೊದಲನೆಯದು ಬಿಸಿಲು. ಉಷ್ಣವಲಯದಲ್ಲಿ ಮಧ್ಯಾಹ್ನದ ಯುವಿ ಸೂಚ್ಯಂಕ (ಚರ್ಮ ಸುಡುವ ಕಿರಣಗಳ ಅಳತೆ) 11 ದಾಟುವುದು ಮಾಮೂಲು. ಅದು ಅಳತೆಯ ಕೊನೆಯ, 'ವಿಪರೀತ' ಎನ್ನುವ ಹಂತ. ಕಪ್ಪು ಮೈಬಣ್ಣದವರಿಗೂ ಸುಡುತ್ತದೆ. ಉದ್ದ ತೋಳಿನ ರ‍್ಯಾಶ್‌ಗಾರ್ಡ್ (ನೀರಲ್ಲಿ ಹಾಕುವ ಬಿಗಿ ಅಂಗಿ), ಪಟ್ಟಿ ಇರುವ ಟೋಪಿ, ಮುಖಕ್ಕೆ ಝಿಂಕ್ ಕ್ರೀಮ್. ಸನ್‌ಸ್ಕ್ರೀನ್ ಅನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಹವಳಕ್ಕೆ ಹಾನಿ ಎಂಬ ಕಾರಣಕ್ಕೆ ಹವಾಯಿಯಲ್ಲಿ 2021ರಿಂದ ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಇರುವ ಸನ್‌ಸ್ಕ್ರೀನ್ ಮಾರುವಂತಿಲ್ಲ. ಕೊಳ್ಳುವಾಗ ಹಿಂಬದಿ ಓದಿ. ನೀರಲ್ಲಿದ್ದರೂ ಬೆವರುತ್ತೀರಿ, ಬಾಯಾರುವ ಮೊದಲೇ ನೀರು ಕುಡಿಯಿರಿ.

ಹವಳ ತರಚಿದ ಗಾಯ ಚಿಕ್ಕದಾಗಿ ಕಂಡರೂ ಬೇಗ ಕೀವಾಗುತ್ತದೆ. ಶುದ್ಧ ನೀರು, ಸೋಪಿನಿಂದ ಚೆನ್ನಾಗಿ ಉಜ್ಜಿ ತೊಳೆದು, ಒಳಗೆ ಉಳಿದ ಚೂರು ತೆಗೆದು, ಒಣಗಿಸಿ ಮುಚ್ಚಿ. ಸೀ ಅರ್ಚಿನ್ (ಮೈತುಂಬ ಮುಳ್ಳಿರುವ ಕಡಲ ಜೀವಿ) ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ಇರುವ, 45 ಡಿಗ್ರಿ ಮೀರದ ನೀರಲ್ಲಿ ಕಾಲಿಟ್ಟರೆ ನೋವು ತಗ್ಗುತ್ತದೆ. ಕೀಲಿನ ಹತ್ತಿರ ಚುಚ್ಚಿದ್ದರೆ ಡಾಕ್ಟರ ಹತ್ತಿರ ಹೋಗಿ. ಜೆಲ್ಲಿಫಿಶ್ ವಿಷಯದಲ್ಲಿ ಆ ದಂಡೆಯಲ್ಲಿ ಯಾವ ಜಾತಿ ಇದೆ ಎಂದು ಮೊದಲೇ ತಿಳಿದಿರಬೇಕು. ಬಾಕ್ಸ್ ಜೆಲ್ಲಿಫಿಶ್‌ಗೆ ವಿನೆಗರ್ ಹಾಕುತ್ತಾರೆ, ಬ್ಲೂಬಾಟಲ್‌ಗೆ ಬಿಸಿನೀರು. ಮೂತ್ರ ಹುಯ್ಯುವ ನಾಟಿ ಮದ್ದು ಯಾವುದಕ್ಕೂ ಆಗದು.

## ಸ್ವಲ್ಪ ಮುಂದೆ ಹೋದವರಿಗೆ

'ಸರ್ಫರ್ಸ್ ಮಯಲೋಪತಿ' ಅಂತ ಓದಿ ಹೆದರಿಕೆ ಆಯ್ತು. ನಿಜವಾಗ್ಲೂ ಇದೆಯಾ?

ಇದೆ. ಇದು ಬೆನ್ನುಹುರಿಯ ತೊಂದರೆ. ಅಪರೂಪ, ಆದರೆ ಇನ್‌ಸ್ಟ್ರಕ್ಟರ್‌ಗೆ ಗೊತ್ತಿರಲೇಬೇಕು, ಏಕೆಂದರೆ ಇದು ಬರುವುದು ಹೆಚ್ಚಾಗಿ ಮೊದಲ ಸಲ ಸರ್ಫ್ ಮಾಡುವವರಿಗೆ. ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಮೊದಲು ವಿವರಿಸಿದ್ದು 2004ರಲ್ಲಿ, ಹವಾಯಿಯ ಪ್ರಕರಣಗಳನ್ನು ಇಟ್ಟುಕೊಂಡು. ಬೋರ್ಡ್ ಮೇಲೆ ಬಹಳ ಹೊತ್ತು ಬೆನ್ನು ಹಿಂದಕ್ಕೆ ಬಾಗಿಸಿ ಮಲಗಿದಾಗ ಬೆನ್ನುಹುರಿಗೆ ರಕ್ತ ಸರಿಯಾಗಿ ಹೋಗದೆ ಹೀಗಾಗುತ್ತದೆ ಎಂದು ತಿಳಿಯಲಾಗಿದೆ. ಬಿದ್ದಿರುವುದಿಲ್ಲ, ಪೆಟ್ಟಾಗಿರುವುದಿಲ್ಲ. ಇದ್ದಕ್ಕಿದ್ದಂತೆ ಬೆನ್ನು ನೋವು ಶುರುವಾಗಿ, ಕಾಲು ಜೋಮು ಹಿಡಿದು, ಬಲ ಕಳೆದುಕೊಳ್ಳುತ್ತದೆ. ಕೆಲವರಿಗೆ ಮೂತ್ರ ಹೋಗುವುದೂ ಕಷ್ಟವಾಗುತ್ತದೆ. ಕೆಲವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ಕಾಲಿನ ಬಲ ಹಿಂದಿರುಗುವುದಿಲ್ಲ.

ಪಾಠದ ನಡುವೆ ನಡುನಡುವೆ ಬೋರ್ಡ್ ಮೇಲೆ ಕೂರಿಸಿ, ನಿಲ್ಲಿಸಿ, ಬೆನ್ನಿಗೆ ಬಿಡುವು ಕೊಡಿ. ಯಾರಾದರೂ ಬೆನ್ನು ನೋವಿನ ಜೊತೆ ಕಾಲು ಜೋಮು ಅಂದರೆ 'ಸ್ನಾಯು ಹಿಡಿದಿರಬೇಕು' ಎಂದು ಸಮಾಧಾನ ಹೇಳಬೇಡಿ. ತಕ್ಷಣ ನೀರಿನಿಂದ ಹೊರಗೆ ತಂದು ಆಸ್ಪತ್ರೆಗೆ ಕಳಿಸಿ.

ನೊರೆ ಅಲೆಯಿಂದ ಒಡೆಯದ ಅಲೆಗೆ ಯಾವಾಗ ಕರ್ಕೊಂಡು ಹೋಗೋದು?

ನೊರೆಯಲ್ಲಿ ತಾವೇ ಅಲೆ ಆರಿಸಿ, ನೀವು ತಳ್ಳದೆಯೇ ಹಿಡಿದು, ಎದ್ದು, ಬೇಕಾದ ಕಡೆಗೆ ಸ್ವಲ್ಪ ತಿರುಗಿಸಿ, ಬೋರ್ಡ್ ಮೇಲಿನ ಹಿಡಿತ ಬಿಡದೆ ಇಳಿಯಲು ಬಂದಾಗ. ಈ ಕೊನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಒಳಗಿನ ಜಾಗದಲ್ಲಿ ಬೇರೆಯವರೂ ಇರುತ್ತಾರೆ, ಅಲ್ಲಿ ಬೋರ್ಡ್ ಎಸೆದು ಬೀಳುವವರು ಇನ್ನೊಬ್ಬರ ತಲೆ ಒಡೆಯುತ್ತಾರೆ.

ಕರೆದುಕೊಂಡು ಹೋಗುವ ಮೊದಲು ದಡದಲ್ಲೇ ನಿಯಮ ಹೇಳಿ. ಅಲೆ ಒಡೆಯುವ ತುದಿಗೆ ಹತ್ತಿರ ಇರುವವರಿಗೆ ಆ ಅಲೆ ಸೇರುತ್ತದೆ. ಅವರ ಮುಂದೆ ಇನ್ನೊಬ್ಬರು ನುಗ್ಗಬಾರದು. ಒಳಗೆ ಹೋಗುವವರು ಸವಾರಿ ಮಾಡುತ್ತಿರುವವರ ದಾರಿ ಬಿಟ್ಟು ಸುತ್ತಿ ಹೋಗಬೇಕು. ನಿಮ್ಮ ಗುಂಪು ನಿಯಮ ಮುರಿದರೆ ಆ ದಂಡೆಯ ಸರ್ಫರ್‌ಗಳು ಸಿಟ್ಟಾಗುವುದು ನಿಮ್ಮ ಮೇಲೆ, ಅದು ಸರಿಯೂ ಹೌದು. ಮೊದಲ ಸಲ ಒಬ್ಬರನ್ನೋ ಇಬ್ಬರನ್ನೋ ಮಾತ್ರ ಕರೆದೊಯ್ಯಿರಿ.

ಪಾಠದ ನಡುವೆ ಯಾರಾದ್ರೂ ಮುಳುಗಿದ್ರೆ?

ಇಲ್ಲಿ ಓದಿದ್ದು ತರಬೇತಿಗೆ ಬದಲಿ ಅಲ್ಲ. ಆದರೆ ಕ್ರಮ ತಲೆಯಲ್ಲಿರಲಿ. ಶಿಳ್ಳೆ ಹೊಡೆದು ಉಳಿದವರನ್ನೆಲ್ಲ ದಡಕ್ಕೆ ಕಳಿಸಿ. ಒಬ್ಬರನ್ನು ಉಳಿಸಲು ಹೋದಾಗ ಉಳಿದವರು ನೋಡುವವರಿಲ್ಲದೆ ತೇಲಿಹೋಗಬಾರದು. ಬರಿಗೈಯಲ್ಲಿ ಹೋಗಬೇಡಿ, ಬೋರ್ಡ್ ತೆಗೆದುಕೊಂಡು ಹೋಗಿ. ಗಾಬರಿಯಾದವರು ನಿಮ್ಮ ಕುತ್ತಿಗೆ ಹಿಡಿಯುವ ಬದಲು ಬೋರ್ಡ್ ಹಿಡಿಯಲಿ.

ದಡಕ್ಕೆ ತಂದ ಮೇಲೆ ಪ್ರಜ್ಞೆ, ಉಸಿರು ನೋಡಿ, ಇನ್ನೊಬ್ಬರಿಂದ ಆಂಬುಲೆನ್ಸ್ ಕರೆಸಿ. ಉಸಿರಿಲ್ಲದಿದ್ದರೆ ಮುಳುಗಿದವರ ವಿಷಯದಲ್ಲಿ ಬಾಯಿಂದ ಉಸಿರು ಕೊಡುವುದು ಬಹಳ ಮುಖ್ಯ, ಏಕೆಂದರೆ ಇಲ್ಲಿ ಮೊದಲು ಕೊರತೆಯಾಗಿರುವುದು ಆಮ್ಲಜನಕ. ಹಾಗಾಗಿ ಮೊದಲು ಉಸಿರು, ಆಮೇಲೆ 30 ಸಲ ಎದೆ ಒತ್ತಿ 2 ಸಲ ಉಸಿರು ಎಂಬ ಕ್ರಮ. ಒತ್ತುವ ವೇಗ ನಿಮಿಷಕ್ಕೆ 100–120, ದೊಡ್ಡವರಿಗೆ ಆಳ 5–6 ಸೆಂಟಿಮೀಟರ್. ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಚೇತರಿಸಿಕೊಂಡವರು 'ನಾನು ಚೆನ್ನಾಗಿದ್ದೀನಿ' ಅಂದರೂ ಆಸ್ಪತ್ರೆಗೆ ಕಳಿಸಿ, ಉಸಿರಾಟದ ತೊಂದರೆ ಕೆಲವು ಗಂಟೆಗಳಲ್ಲಿ ಹೆಚ್ಚಬಹುದು.

ಈ ಅಭ್ಯಾಸವನ್ನು ಸೀಸನ್ ಶುರುವಿನಲ್ಲಿ ಒಮ್ಮೆ ಮಾಡಿ ಮರೆಯುವ ಕ್ಯಾಂಪ್‌ಗಳೇ ಹೆಚ್ಚು. ನೀವಿರುವ ಕಡೆ ತಿಂಗಳಿಗೊಮ್ಮೆಯಾದರೂ ಮಾಡಿಸಿ.

ಅಲೆ ದೊಡ್ಡದಿದ್ರೂ ಮಾಲೀಕರು ಪಾಠ ನಡೆಸಿ ಅಂತಾರೆ. ಹೇಗೆ ಬೇಡ ಅನ್ನೋದು?

ಆ ಬೆಳಿಗ್ಗೆ ವಾದ ಮಾಡಿದರೆ ಸೋಲುತ್ತೀರಿ. ದುಡ್ಡು ಕಟ್ಟಿದವರು ಬಂದು ನಿಂತಿರುತ್ತಾರೆ. ಕೆಲಸಕ್ಕೆ ಸೇರುವಾಗಲೇ ಮಿತಿಗಳನ್ನು ಬರೆದು ಇಟ್ಟುಕೊಳ್ಳಿ: ಇಷ್ಟು ಎತ್ತರ, ಇಷ್ಟು ಗಾಳಿ, ಗುಡುಗು ಕೇಳಿಸಿದರೆ ಕೂಡಲೇ ಹೊರಗೆ, ಇಂಥ ಇಳಿತದಲ್ಲಿ ಈ ಜಾಗ ಬೇಡ. ಮಾಲೀಕರ ಸಹಿ ಇರಲಿ. ಆಗ ನೀವು 'ಬೇಡ' ಅನ್ನಬೇಕಾಗಿಲ್ಲ, ಕಾಗದ ತೋರಿಸಿದರೆ ಸಾಕು.

ರದ್ದು ಮಾಡುವುದೊಂದೇ ದಾರಿಯೂ ಅಲ್ಲ. ಮರೆಯಲ್ಲಿರುವ ಬೇರೆ ದಂಡೆ, ಉಬ್ಬರ ಬದಲಾದ ಮೇಲಿನ ಹೊತ್ತು, ಮರಳಿನ ಮೇಲೆ ಪಾಪ್-ಅಪ್, ವೀಡಿಯೊ ಪಾಠ, ಸೆಳೆತ ಗುರುತಿಸುವ ಪಾಠ ಎಲ್ಲ ಇವೆ. ಇಷ್ಟೆಲ್ಲ ಕೊಟ್ಟರೂ ಒಪ್ಪದ ಮಾಲೀಕರಾದರೆ ಆ ಕ್ಯಾಂಪ್ ಬಿಡಿ. ಅರ್ಹತೆ ಇರುವ ಇನ್‌ಸ್ಟ್ರಕ್ಟರ್‌ಗೆ ಬೇರೆ ಕಡೆ ಕೆಲಸ ಸಿಗುತ್ತದೆ.

ಲೆವೆಲ್ 2 ಯಾವಾಗ ಮಾಡ್ಲಿ?

ಲೆವೆಲ್ 1 ಮುಗಿದ ಮರುತಿಂಗಳೇ ಬೇಡ. ಲೆವೆಲ್ 2 ಇರುವುದು ಈಗಾಗಲೇ ಸರ್ಫ್ ಮಾಡುವವರನ್ನು ಮುಂದಕ್ಕೆ ಒಯ್ಯಲು: ತಿರುವು, ವೇಗ, ಅಲೆ ಆರಿಸುವುದು, ಸ್ಪರ್ಧೆ. ಅದಕ್ಕೆ ನಿಮ್ಮ ಸ್ವಂತ ಸರ್ಫಿಂಗ್ ಗಟ್ಟಿಯಿರಬೇಕು, ಬೇರೆಯವರ ವೀಡಿಯೊ ನೋಡಿ ತಪ್ಪಿನ ಮೂಲ ಹಿಡಿಯುವ ಕಣ್ಣೂ ಬೇಕು. ಒಂದು ಪೂರ್ತಿ ಸೀಸನ್ ಹೊಸಬರಿಗೆ ಪಾಠ ಹೇಳಿ. ದಿನವೂ ಸಂಜೆ ಯಾರಿಗೆ ಏನು ಹೇಳಿದಿರಿ, ಯಾವುದು ಫಲಿಸಿತು ಎಂದು ಎರಡು ಸಾಲು ಬರೆದಿಡಿ. ಲೆವೆಲ್ 2ಕ್ಕೆ ಹೋಗುವಾಗ ಆ ಪುಸ್ತಕ ಜೊತೆಗಿರಲಿ, ಅಲ್ಲಿ ಕೇಳುವ ಅರ್ಧ ಪ್ರಶ್ನೆಗಳಿಗೆ ಉದಾಹರಣೆ ಅದರಲ್ಲೇ ಸಿಗುತ್ತದೆ.